ಪಟ್ಟಿ ಬರೆಯಲ್ಲ ಸರ್!

"ಒಂಚೂರು ಆ ಕಡೆ ಸರೀರಿ!"

ಒಳಗೆ ನುಗ್ಗಿದ ಸೀನಿಯರ್ ಟೀಚರ್ ಅವಳ ಬೋರ್ಡನ್ನು ಒಂದೇ ಏಟಿಗೆ ಅಳಿಸಿಬಿಟ್ಟ. ಆ ಇಂಗ್ಲಿಷ್ ಟ್ಯುಟೋರಿಯಲ್‌ಗೆ ಅವಳು ಹೊಸ ಟೀಚರ್. ಇಡೀ ಕ್ಲಾಸು ಬಾಯಿ ಬಿಟ್ಟುಕೊಂಡು ನೋಡುತ್ತಿತ್ತು. ಅವನು ಸರಸರನೆ ಟ್ಯುಟೋರಿಯಲ್ ಮಾಲೀಕರು ಕಡ್ಡಾಯ ಮಾಡಿದ್ದ ಪಟ್ಟಿ ಬರೆದ. ಯೆಸ್ಟರ್‌ಡೇ, ಅಗೋ, ಲಾಸ್ಟ್ ವೀಕ್ ಬಂದರೆ ಪಾಸ್ಟ್ ಸಿಂಪಲ್. ಜಸ್ಟ್, ಯೆಟ್, ಸಿನ್ಸ್ ಬಂದರೆ ಪ್ರೆಸೆಂಟ್ ಪರ್ಫೆಕ್ಟ್.

"ಎಲ್ಲರೂ ಜೋರಾಗಿ ಹೇಳಿ!"

ಕ್ಲಾಸು ರಾಗ ಎಳೆಯಿತು. ಬಾಗಿಲಲ್ಲಿ ಇಣುಕಿದ ಮಾಲೀಕರು ತಲೆಯಾಡಿಸಿ ಮುಂದೆ ಹೋದರು.

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಎಷ್ಟು ಸೊಕ್ಕು ಇವನಿಗೆ!

ಸ್ಟಾಫ್ ರೂಮಿನಲ್ಲಿ ಅವನಿಗೆ ಅಡ್ಡ ನಿಂತಳು. "ನನ್ನ ಪಾಠ ಅಳಿಸೋಕೆ ನೀವ್ಯಾರ್ರೀ? ಅವರವರ ಬದುಕಿನ ಮಾತೇ ಹೇಳಿಸ್ತಿದ್ದೆ. ನಿನ್ನೆ ಮಾಡಿದ್ದು ಅಲ್ಲಿಗೆ ಮುಗೀತು. ಸೋಮವಾರದಿಂದ ಮಾಡ್ತಾ ಬಂದಿದ್ದು ಇನ್ನೂ ಮುಗಿದಿಲ್ಲ. ಹಾಗೆ ಅರ್ಥ ಆಗ್ಬೇಕು, ಗಿಳಿಪಾಠ ಅಲ್ಲ!"

"ಮಾಲೀಕರು ಮೆಟ್ಟಿಲು ಹತ್ತುತ್ತಿದ್ರು..." ಅವನ ದನಿ ಇಳಿಯಿತು. "ಪಟ್ಟಿ ಬಿಟ್ಟು ಪಾಠ ಮಾಡಿದ್ದಕ್ಕೆ ಹಿಂದಿನ ಟೀಚರನ್ನ ನಿಂತ ಕಾಲಲ್ಲೇ ಕಳಿಸಿದ್ರು. ನಿಮ್ಮ ಕೆಲಸ ಹೋಗ್ಬಾರ್ದು ಅಂತ..."

ಓಹ್... ಅವಮಾನ ಮಾಡಲು ಅಲ್ಲವೇ? ಅವಳ ಎದೆ ಒಂದು ಕ್ಷಣ ಕರಗಿತು. ಆದರೆ ತಲೆ ಬಗ್ಗಲಿಲ್ಲ.

"ಕಾಪಾಡಿ ಅಂತ ನಾನು ಕೇಳಿದ್ನಾ? ಕೆಲಸ ಬೇಕು, ನಿಜ. ಅಮ್ಮನೂ ನಾನೂ ಅದನ್ನೇ ನಂಬಿಕೊಂಡಿದ್ದೀವಿ. ಆದ್ರೆ ಹೆದರಿಕೊಂಡು ಪಾಠ ಮಾಡಲ್ಲ!"

ಮರುದಿನ ಮಾಲೀಕರು ಕ್ಲಾಸಿನ ಮಧ್ಯೆಯೇ ಬಂದರು. ಪಟ್ಟಿಯಿಲ್ಲದ ಬೋರ್ಡು ನೋಡಿ ಕೆಂಡವಾದರು.

"ಪಟ್ಟಿ ಬರೀರಿ. ಇಲ್ಲ, ಹೊರಡಿ!"

"ಬರೆಯಲ್ಲ ಸರ್. ಇವರ ಮಾತು ಒಂದು ಸಲ ಕೇಳಿ."

ಯಾವತ್ತೂ ತುಟಿ ಬಿಚ್ಚದ, ಹೊಲಿಗೆ ಕೆಲಸ ಮಾಡುವ ಅಕ್ಕ ಹಿಂದಿನ ಬೆಂಚಿನಿಂದ ತಾನಾಗಿಯೇ ಎದ್ದಳು. "ಐ ಲೆಫ್ಟ್ ಸ್ಕೂಲ್ ಲಾಂಗ್ ಅಗೋ..." ಬೆಂಚು ಹಿಡಿದು ನೆಟ್ಟಗೆ ನಿಂತಳು. "ಐ ಹ್ಯಾವ್ ಜಸ್ಟ್ ಕಮ್ ಬ್ಯಾಕ್!"

ಶಾಲೆ ಬಿಟ್ಟದ್ದು ಎಂದೋ ಮುಗಿದ ಮಾತು. ಮರಳಿ ಬಂದ ಖುಷಿ ಇನ್ನೂ ಅವಳ ಮುಖದಲ್ಲೇ ಇತ್ತು. ಎರಡನ್ನೂ ಅಕ್ಕ ಎಡವದೆ ಹೇಳಿದ್ದಳು.

ಮಾಲೀಕರು ಮಾತ್ರ ಕರಗಲಿಲ್ಲ. "ಬ್ಯಾಗ್ ತಗೊಳ್ಳಿ ಮೇಡಂ."

"ಹಾಗಾದ್ರೆ ನಾನೂ ಹೊರಟೆ ಸರ್," ಎಂದ ಬಾಗಿಲಲ್ಲಿ ನಿಂತಿದ್ದ ಸೀನಿಯರ್ ಟೀಚರ್. "ಹೊಟ್ಟೆಪಾಡಿಗೆ ಹೆದರಿ ಗಿಳಿಪಾಠ ಒಪ್ಪಿಸಿದ್ದು ಸಾಕು."

"ನಾವೂ!" ಎಂದಳು ಅಕ್ಕ. ದಡದಡನೆ ಬೆಂಚುಗಳು ಸರಿದವು.

ಮಾಲೀಕರ ಮುಖ ಹುಳ್ಳಗಾಯಿತು. "ಅಯ್ಯೋ, ಕೂತ್ಕೊಳ್ರಮ್ಮ... ಹೇಗಾದ್ರೂ ಪಾಠ ಮಾಡ್ಕೊಳ್ಳಿ!" ಎಂದು ಗೊಣಗುತ್ತಾ ಇಳಿದುಹೋದರು.

ಕ್ಲಾಸು ಮುಗಿದ ಮೇಲೆ ಕಾರಿಡಾರಿನಲ್ಲಿ ಇಬ್ಬರೇ ಉಳಿದರು. ತನಗೋಸ್ಕರ ಅನ್ನ ಕೊಡುವ ಕೆಲಸವನ್ನೇ ಬಿಡಲು ಹೊರಟನಲ್ಲ! ಅವಳಿಗೆ ಅವನ ಮುಖ ನೋಡಲು ಆಗಲಿಲ್ಲ.

"ಇನ್ನೂ ಕೋಪಾನಾ?"

"ಹೂಂ. ಒಂದು ಮಾತು ಕೇಳದೆ ಅಳಿಸಿದ್ರಲ್ಲ!"

"ತಪ್ಪಾಯ್ತು. ಇನ್ಮೇಲೆ ಕೇಳೇ ಮಾಡ್ತೀನಿ. ಈಗ್ಲೂ ಕೇಳ್ತೀನಿ... ನೀವಿಲ್ಲಿಗೆ ಬಂದ ದಿನದಿಂದ್ಲೂ ನೀವಂದ್ರೆ ನನಗೆ ಪ್ರಾಣ. ನಿಮ್ಮ ಕೋಪ ಇಳಿಯೋವರೆಗೂ ಜೊತೆಗಿರಲಾ?"

ಅವಳ ಕಣ್ಣು ತುಂಬಿ ಬಂತು. ಬಿಗುಮಾನ ಮಾತ್ರ ಬಿಡಲಿಲ್ಲ.

"ಹಾಗಾದ್ರೆ ಈ ಜನ್ಮದಲ್ಲಿ ಇಳಿಸೋದೇ ಇಲ್ಲ, ಹೋಗೋ!"