ಕೊನೆಯ ಸಾಲಿನ ಹಿಂದೆ

ಆವತ್ತಿನ ಮಳೆಗೆ ಮೈದಾನವೆಲ್ಲ ರಾಡಿಯಾಗಿತ್ತು. ಪರೇಡ್ ರದ್ದಾಗಬಹುದೆಂದು ನಾವೆಲ್ಲ ಆಸೆಪಟ್ಟೆವು, ಆಗಲಿಲ್ಲ. ನನ್ನನ್ನು ಕೊನೆಯ ಸಾಲಿನ ತುದಿಯಲ್ಲಿ ನಿಲ್ಲಿಸಿದರು. ಹಿಂದೆ ಖಾಲಿ ಮೈದಾನ ಬಿಟ್ಟರೆ ಬೇರೇನೂ ಇರಲಿಲ್ಲ. ಮೊದಲ ಸಲ ನನ್ನನ್ನು ಸಮವಸ್ತ್ರದಲ್ಲಿ ನೋಡಲು ಬಂದಿದ್ದ ಅಪ್ಪ, ಸೂರಿಲ್ಲದ ಮೆಟ್ಟಿಲುಗಳ ಮೇಲೆ ಕೊಡೆ ಹಿಡಿದು ಕೂತಿದ್ದರು.

ಹೊರಟ ಸ್ವಲ್ಪ ಹೊತ್ತಿಗೆ ಯಾರೋ ನನ್ನ ಹಿಮ್ಮಡಿ ತುಳಿದರು. ಮುಗ್ಗರಿಸಿ ಸಾವರಿಸಿಕೊಂಡೆ. ಮತ್ತೆ ತುಳಿದರು, ಈ ಸಲ ಬೇಕೆಂದೇ. ಕೊರೆಯುವ ಆ ಚಳಿಯಲ್ಲಿ ಕತ್ತಿನ ಹಿಂದೆ ಬಿಸಿ ಉಸಿರು ತಾಕಿತು. ತಿರುಗಿ ನೋಡುವ ಹಾಗಿರಲಿಲ್ಲ; ಸಾಲು ಕೆಡಿಸಿದರೆ ಎಲ್ಲರೆದುರು ಮಾನ ಹೋಗುತ್ತಿತ್ತು.

"ನನ್ನ ಜಾಗ ಬಿಡೋ," ಎಂದಿತು ಒಂದು ದನಿ, ಕಿವಿಯ ಹತ್ತಿರವೇ.

ಹಲ್ಲು ಕಚ್ಚಿಕೊಂಡು ಹೆಜ್ಜೆ ಹಾಕಿದೆ. ಪಕ್ಕದಲ್ಲಿ ಬರುತ್ತಿದ್ದ ಹವಾಲ್ದಾರರು ನನ್ನ ಹಿಂದಕ್ಕೆ ನೋಡಿ ಗದರಿದರು: "ಲೇ, ಹಿಂದಿನವನೇ! ಕಣ್ಣು ಕಾಣಲ್ವಾ? ಅವನ ಕಾಲು ಯಾಕೋ ತುಳೀತೀಯಾ?"

ಪರೇಡ್ ಮುಗಿದ ಮೇಲೆ ಹವಾಲ್ದಾರರು ಸಾಲಿನ ಹಿಂದೆಲ್ಲ ಹುಡುಕಿದರು. ಯಾರೂ ಸಿಗಲಿಲ್ಲ. ಯಾರಿಗೆ ಬೈದಿರೆಂದು ನಾನು ಕೇಳಿದರೆ ಮುಖ ತಿರುಗಿಸಿಕೊಂಡು ಹೋದರು.

ಅಷ್ಟರಲ್ಲಿ ಅಪ್ಪ ಬಂದು ನನ್ನನ್ನು ತಬ್ಬಿಕೊಂಡರು. ಬೆನ್ನು ತಟ್ಟುತ್ತಿದ್ದ ಕೈ ಅಲ್ಲೇ ನಿಂತಿತು.

"ಏನೋ ಇದು, ಬೆನ್ನು ಒದ್ದೆನೇ ಆಗಿಲ್ವಲ್ಲ?"

ನಾನೂ ಕೈ ಹಿಂದಕ್ಕೆ ಹಾಕಿ ಮುಟ್ಟಿದೆ. ಟೋಪಿಯಿಂದ, ತೋಳಿಂದ, ಪ್ಯಾಂಟಿನಿಂದ ನೀರು ಸುರಿಯುತ್ತಿತ್ತು. ಕತ್ತಿನಿಂದ ಸೊಂಟದವರೆಗೆ ಮಾತ್ರ ಒಂದು ಹನಿಯೂ ಬಿದ್ದಿರಲಿಲ್ಲ. ಅಲ್ಲಿ ಬಟ್ಟೆ ಇನ್ನೂ ಬೆಚ್ಚಗಿತ್ತು.