ಹುಲುಗಮ್ಮನ ಗಡಿಯ ಕಳ್ಳಿ

1938ರ ಮೇ ತಿಂಗಳ ಒಂದು ಮಧ್ಯಾಹ್ನ ಎರಡು ಗಂಟೆಗೆ ಪೆದ್ದಹರಿವಾಣದ ಸಾವುಕಾರ ಮಲ್ಲಯ್ಯ, ವಿಧವೆ ಹುಲುಗಮ್ಮನ ಹೊಲಕ್ಕೆ ಗಡಿಯಾಗಿದ್ದ ಎರಡಾಳೆತ್ತರದ ಕಳ್ಳಿಯನ್ನು ಕಡಿದ. ನಾನು ಅಲ್ಲಿದ್ದೆ. ನೂರೆಕರೆ ಇದ್ದರೂ ಅವಳ ಎರಡು ಮೊಳ ನೆಲಕ್ಕೆ ಬಾಯಿಬಿಡುವ ಆಸಾಮಿ ಅವನು.

"ಬ್ಯಾಡ್ರಿ ಸಾವ್ಕಾರ್ರ, ನನ್ನ ಗಂಡ ನೆಟ್ಟಿದ್ದೈತಿ," ಎಂದಿದ್ದಳು.

"ಹಂಗಾರ ಕರಿ, ಸತ್ತಾಂವ ಬಂದು ತಡೀಲಿ!"

ಏಳು ತಿಂಗಳಿಂದ ಮಳೆಯಿರಲಿಲ್ಲ. ಅಂಥ ಬೇಸಿಗೆಯಲ್ಲಿ ಕಳ್ಳಿಯ ಕಾಂಡದ ಮಡಿಕೆಗಳು ಸೊರಗಿ ಒಳಸರಿಯುತ್ತವೆ. ಇದರವು ಬಿಗಿದು ಉಬ್ಬಿದ್ದವು. ಮುಳ್ಳುಗಳ ನಡುವೆ ಬೆರಳಿಟ್ಟರೆ ಬಾವಿಕಲ್ಲಿನಷ್ಟು ತಣ್ಣಗೆ. ಕಡಿದಾಗ ಒಂದು ಹನಿ ಹಾಲೂ ಸುರಿಯಲಿಲ್ಲ. ಬಿದ್ದ ಕಾಂಡದ ಮಡಿಕೆಗಳು ಮೆಲ್ಲಗೆ ಇಳಿದವು, ಉಬ್ಬಿದವು, ಮತ್ತೆ ಇಳಿದವು.

"ಗಾಳಿ," ಎಂದ ಮಲ್ಲಯ್ಯ. ಗಾಳಿ ಇರಲಿಲ್ಲ.

ಐದು ಗಂಟೆಗೂ ಆ ಏರಿಳಿತ ನಿಂತಿರಲಿಲ್ಲ. ಮರುದಿನ ಮಲ್ಲಯ್ಯನೇ ಕಳ್ಳಿ ಇದ್ದ ಜಾಗದಲ್ಲೇ, ಒಂದು ಗೇಣೂ ಅವಳ ಕಡೆ ಸರಿಸದೆ, ಗಡಿಕಲ್ಲು ನೆಡಿಸಿದ.