ತುಕ್ಕಾಸುರನ ಸೋರೆಕಾಯಿ ಕೈ

ತುಕ್ಕಾಸುರನ ಎಡಗೈ ಮೂರನೇ ಸಲ ಕಿತ್ತು ಬಂದಾಗ ಅದರೊಳಗಿಂದ ಬೀಜ ಉದುರಿದವು.

“ಸೂಪರ್,” ಅಂದ ತೀರ್ಥೇಶ್. “ನಟ್ಟು ಬೋಲ್ಟು ಉದುರಿದ ಹಾಗೇ ಕಾಣುತ್ತೆ.”

ಅದು ಸೋರೆಕಾಯಿ. ತುಕ್ಕಾಸುರನ ಪಾರ್ಟು ಮಾಡುತ್ತಿದ್ದ ಲೋಕೇಶ ತನ್ನ ನಿಜವಾದ ಎಡಗೈಯನ್ನು ಅಂಗಿಯೊಳಗೆ ಮಡಚಿಟ್ಟುಕೊಂಡು, ಖಾಲಿ ತೋಳಿನಲ್ಲಿ ಉದ್ದದ ಸೋರೆಕಾಯಿ ತೂರಿಸಿಕೊಂಡಿದ್ದ. ಡೈಲಾಗ್ ಹೇಳಿ ಅದನ್ನು ಕೀಳುವುದು ಹೀರೋ ಪಾರ್ಟಿನ ನೀಲಾಂಬಿಕಳ ಕೆಲಸ. ಕಿತ್ತ ಮೇಲೆ ಒಂದು ಒದೆ ಕೊಡಬೇಕು. ಅವನು ಬೀಳಬೇಕು. ಅವಳು ಅವನ ಎದೆಯ ಮೇಲೆ ಕಾಲಿಟ್ಟು ನಿಲ್ಲಬೇಕು.

ಪ್ರತಿ ಪ್ರಾಕ್ಟೀಸಿಗೂ ಒಂದೊಂದು ಸೋರೆಕಾಯಿ ಮುರಿಯುತ್ತಿತ್ತು. ಬಿಸಿಯೂಟ ಮಾಡುವ ದುರ್ಗಮ್ಮ ಆ ತುಂಡುಗಳನ್ನು ಆರಿಸಿಕೊಂಡು ಹೋಗಿ, ತೊಳೆದು, ಸಾಂಬಾರಿಗೆ ಹಾಕುತ್ತಿದ್ದರು. ಮೂರು ದಿನದಿಂದ ಶಿಕಾರಿಪುರದ ಆ ಶಾಲೆಯ ಮಕ್ಕಳೆಲ್ಲ ತುಕ್ಕಾಸುರನ ಕೈಯನ್ನೇ ಉಣ್ಣುತ್ತಿದ್ದರು. ಯಾರೂ ಬೇಸರ ಮಾಡಿಕೊಳ್ಳಲಿಲ್ಲ. ನಾಟಕಕ್ಕಾಗಿ ಅಷ್ಟಾದರೂ ತ್ಯಾಗ ಬೇಡವೇ?

ನಾಟಕ ಬರೆದವನು ಆರನೇ ಕ್ಲಾಸಿನ ತೀರ್ಥೇಶ್. ಡೈರೆಕ್ಟರೂ ಅವನೇ. ಸೊರಬದಲ್ಲಿ ಮಕ್ಕಳ ನಾಟಕ ಸ್ಪರ್ಧೆ ಇತ್ತು. ಕಪ್ಪು ಗೆಲ್ಲದೆ ವಾಪಸ್ ಬರುವುದಿಲ್ಲ ಎಂದು ಅವನು ಪ್ರಾರ್ಥನೆಯ ಹೊತ್ತಿನಲ್ಲಿ ಎಲ್ಲರ ಮುಂದೆ ಹೇಳಿಬಿಟ್ಟಿದ್ದ.

ನಾಟಕದ ಹೀರೋ ಕ್ಯಾಪ್ಟನ್ ಕಬ್ಬಿಣ. ಅವನು ರೋಬೋಟ್‌ಗಳ ನಾಯಕ. ಟಿವಿಯಲ್ಲಿ ಅವನ ಕಾರ್ಟೂನು ಬರಲು ಶುರುವಾದಾಗ ನೀಲಾಂಬಿಕ ಇನ್ನೂ ಅಂಗನವಾಡಿಗೆ ಹೋಗುತ್ತಿದ್ದಳು. ಆಗ ಕ್ಯಾಪ್ಟನ್ ಕಬ್ಬಿಣ ಬೇರೆ ಥರ ಇದ್ದ. ಯಾರೇ ಬೀಳಲಿ, ಫ್ರೆಂಡಾಗಲಿ ಶತ್ರುವಾಗಲಿ, ಅವನು ಕಿರ್ರ್ ಎಂದು ಸದ್ದು ಮಾಡುತ್ತ ಮಂಡಿಯೂರಿ ಕೂತು “ಪೆಟ್ಟಾಯ್ತಾ?” ಎಂದು ಕೇಳುತ್ತಿದ್ದ. ಆಮೇಲೆ ಎತ್ತಿ ನಿಲ್ಲಿಸುತ್ತಿದ್ದ.

ಹೋದ ಬೇಸಿಗೆಯಲ್ಲಿ ಅವನದೇ ಸಿನಿಮಾ ಬಂತು. ಅದರಲ್ಲಿ ಅವನ ಕಣ್ಣು ಕೆಂಪಾಗಿತ್ತು. ಅವನು ಯಾರನ್ನೂ ಏನೂ ಕೇಳಲಿಲ್ಲ. “ಕರುಣೆ ಡಿಲೀಟ್” ಅಂದು ಶತ್ರುವಿನ ಕೈ ಕಿತ್ತು, ಅದೇ ಕೈಯಿಂದ ಅವನಿಗೆ ಬಾರಿಸಿದ. ಅಂದಿನಿಂದ ಶಿಕಾರಿಪುರದ ಮಕ್ಕಳೆಲ್ಲ ಕೆಂಪು ಕಣ್ಣಿನ ಕಡೆ ಸೇರಿದರು.

ನಾಟಕದಲ್ಲಿ ಯಾವ ಕ್ಯಾಪ್ಟನ್ ಇರಬೇಕು ಎಂದು ಜಗದಾಂಬ ಟೀಚರ್ ಐದು, ಆರನೇ ಕ್ಲಾಸಿನವರಿಂದ ಓಟು ಹಾಕಿಸಿದರು. ಕೈ ಕೀಳಬೇಕು ಎಂದವರು ಇಪ್ಪತ್ತೊಂಬತ್ತು ಜನ. ಎತ್ತಿ ನಿಲ್ಲಿಸಬೇಕು ಎಂದವನು ಲೋಕೇಶ ಒಬ್ಬನೇ. ಕೀಳುವುದು ಅವನದೇ ಕೈಯಾದ್ದರಿಂದ ಅವನ ಓಟು ನಡೆಯುವುದಿಲ್ಲ ಎಂದು ತೀರ್ಥೇಶ್ ತೀರ್ಪು ಕೊಟ್ಟ.

ನೀಲಾಂಬಿಕಳೂ ಕೀಳುವುದಕ್ಕೇ ಕೈ ಎತ್ತಿದ್ದಳು. ಈಗ ಸೋರೆಕಾಯಿ ಮುರಿದಾಗಲೆಲ್ಲ ಚಪ್ಪಾಳೆ ಬೀಳುತ್ತಿತ್ತು. ಐದನೇ ಕ್ಲಾಸಿನವರನ್ನು ತಿರುಗಿಯೂ ನೋಡದ ಏಳನೇ ಕ್ಲಾಸಿನ ಅಕ್ಕಂದಿರೂ ಚಪ್ಪಾಳೆ ಹೊಡೆಯುತ್ತಿದ್ದರು.

ಕ್ಯಾಪ್ಟನ್‌ನ ತಲೆ ಮಾಡಿಕೊಟ್ಟವರು ನೀಲಾಂಬಿಕಳ ಸೋದರಮಾವ ತೋಟಪ್ಪ. ಅವರಿಗೆ ಗೇಟು, ಕಿಟಕಿ ಗ್ರಿಲ್ಲು ಮಾಡುವ ಅಂಗಡಿ ಇತ್ತು. ಎಣ್ಣೆಯ ದೊಡ್ಡ ಡಬ್ಬ ತಂದು, ಕಣ್ಣಿಗೆ ಎರಡು ತೂತು, ಬಾಯಿಗೊಂದು ಸೀಳು ಕೊರೆದು, ಬೆಳ್ಳಿ ಬಣ್ಣ ಹೊಡೆದರು. ತಲೆಯ ಹಿಂದೆ ಮಾತ್ರ ಬಣ್ಣ ತೆಳ್ಳಗಾಗಿತ್ತು. ಅಲ್ಲಿ ‘ಶುದ್ಧ ಸೂರ್ಯಕಾಂತಿ ಎಣ್ಣೆ, ೧೫ ಕಿಲೋ’ ಎಂದು ಇನ್ನೂ ಓದಬಹುದಾಗಿತ್ತು. ನಾಯಕನಾದವನು ಯಾರಿಗೂ ಬೆನ್ನು ತೋರಿಸಬಾರದು ಎಂದು ಮಾವ ಸಮಾಧಾನ ಹೇಳಿದರು.

ಸ್ಪರ್ಧೆಯ ದಿನ ಬೆಳಗ್ಗೆ ಬಸ್ಸು ತುಂಬಿ ತುಳುಕುತ್ತಿತ್ತು. ಡಬ್ಬವನ್ನು ಕಾಲ ಬಳಿ ಇಟ್ಟರೆ ಯಾರಾದರೂ ತುಳಿಯುತ್ತಾರೆ ಎಂದು ತೀರ್ಥೇಶನಿಗೆ ಭಯ. ತಲೆ ಇಡುವುದಕ್ಕೆ ತಲೆಗಿಂತ ಒಳ್ಳೆಯ ಜಾಗ ಇಲ್ಲ ಎಂದು ಅವನು ಅದನ್ನು ನೀಲಾಂಬಿಕಳಿಗೆ ಹಾಕಿಸಿಬಿಟ್ಟ.

ಊರು ದಾಟುವಾಗ ಡ್ರೈವರ್ ಒಂದು ರೋಡ್ ಹಂಪನ್ನು ನೋಡದೆ ಬಸ್ಸು ಹಾರಿಸಿದರು. ನೀಲಾಂಬಿಕಳ ಗದ್ದದ ಕೆಳಗೆ ಡಬ್ಬದ ಅಂಚು ಮುಂದಿನ ಸೀಟಿನ ಕಂಬಿಗೆ ಢಣ್ ಎಂದು ಬಡಿಯಿತು. ಅದು ಒಳಕ್ಕೆ ಬಗ್ಗಿತು. ಆಮೇಲೆ ಎಷ್ಟು ಎಳೆದರೂ ಡಬ್ಬ ಮೇಲಕ್ಕೆ ಬರಲಿಲ್ಲ.

ಅಷ್ಟರಲ್ಲಿ ಕಂಡಕ್ಟರ್ ಬಂದರು. ಜಗದಾಂಬ ಟೀಚರ್ ಹುಡುಗಿಯರ ಆಧಾರ್ ಕಾರ್ಡುಗಳನ್ನು ತೋರಿಸಿ ಫ್ರೀ ಟಿಕೆಟ್ ಕೇಳಿದರು. ಕಂಡಕ್ಟರ್ ಒಂದೊಂದೇ ಕಾರ್ಡು ನೋಡುತ್ತ ಬಂದು ನೀಲಾಂಬಿಕಳ ಮುಂದೆ ನಿಂತರು. ಕಾರ್ಡು ನೋಡಿದರು, ಡಬ್ಬ ನೋಡಿದರು. ಮತ್ತೆ ಕಾರ್ಡು ನೋಡಿದರು.

“ಮೇಡಂ, ಫೋಟೋದಾಗೆ ಹುಡುಗಿ ಐತಿ,” ಅಂದರು. “ಇಲ್ಲಿ ಎಣ್ಣಿ ಡಬ್ಬಿ ಐತಿ.”

ಟೀಚರ್ ನಡೆದದ್ದನ್ನೆಲ್ಲ ವಿವರಿಸಿದರು. ಕಂಡಕ್ಟರ್ ಬಗ್ಗಿ ಕಣ್ಣಿನ ತೂತಿನೊಳಗೆ ಇಣುಕಿ ನೋಡಿದರು. ಒಳಗಿನ ಎರಡು ಕಣ್ಣು ಫೋಟೋದ ಕಣ್ಣಿಗೆ ಹೊಂದುತ್ತವೆ ಎಂದು ಖಾತ್ರಿ ಮಾಡಿಕೊಂಡ ಮೇಲೆ ಟಿಕೆಟ್ ಹರಿದುಕೊಟ್ಟರು. ಹಿಂದಿನ ಸೀಟಿನಲ್ಲಿದ್ದ ಒಬ್ಬರು ಎಣ್ಣೆ ಯಾವ ಅಂಗಡಿಯದು, ಚೆನ್ನಾಗಿದೆಯಾ ಎಂದು ವಿಚಾರಿಸಿದರು.

ಆಮೇಲೆ ನೀಲಾಂಬಿಕ ಪಕ್ಕಕ್ಕೆ ತಿರುಗಿದಳು. ಆಗ ಯಾರೋ ಕಿರುಚಿದ್ದು ಕೇಳಿಸಿತು.

ಪಕ್ಕದ ಸೀಟಿನಲ್ಲಿ ಒಬ್ಬ ಅಜ್ಜಿ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದರು. ಮಗುವಿಗೆ ನಾಲ್ಕು ವರ್ಷವಿರಬೇಕು. ಅದು ಹಸಿರು ಸ್ವೆಟರ್ ಹಾಕಿಕೊಂಡಿತ್ತು. ಕ್ಯಾಪ್ಟನ್ ಕಬ್ಬಿಣನನ್ನು ನೋಡಿದ್ದೇ ಕಿರುಚಿ, ಎರಡೂ ಕೈಗಳನ್ನು ಸ್ವೆಟರಿನೊಳಗೆ ಎಳೆದುಕೊಂಡುಬಿಟ್ಟಿತು. ಸ್ವೆಟರಿನ ತೋಳುಗಳು ಖಾಲಿಯಾಗಿ ಜೋತಾಡತೊಡಗಿದವು.

“ನನ್ನ ಕೈ ಕೀಳಬ್ಯಾಡ,” ಅಂದಳು ಹುಡುಗಿ.

ಬಸ್ಸಿನಲ್ಲಿ ಕೆಲವರು ನಕ್ಕರು. ಅಜ್ಜಿ ನಗಲಿಲ್ಲ. ಮಗುವಿನ ಹೆಸರು ದೀಪಶ್ರೀ ಎಂದೂ, ಮೊಬೈಲಿನಲ್ಲಿ ಯಾರೋ ಆ ಸಿನಿಮಾ ತೋರಿಸಿದ್ದಾರೆಂದೂ, ಅಂದಿನಿಂದ ರೋಬೋಟಿನ ಚಿತ್ರ ಕಂಡರೆ ಸಾಕು ಹೀಗೆ ಕೈ ಬಚ್ಚಿಡುತ್ತಾಳೆಂದೂ ಟೀಚರಿಗೆ ಹೇಳಿದರು. ಬಿಸ್ಕತ್ತಿನ ಪ್ಯಾಕೆಟ್ಟಿನ ಮೇಲೆ ರೋಬೋಟು ಇದ್ದರೆ ಬಿಸ್ಕತ್ತೂ ಮುಟ್ಟುವುದಿಲ್ಲವಂತೆ.

ನೀಲಾಂಬಿಕಳಿಗೆ ಮುಖ ತೋರಿಸಬೇಕು ಅನ್ನಿಸಿತು. ತಾನು ಬರೀ ಹುಡುಗಿ ಎಂದು ಗೊತ್ತಾದರೆ ಮಗು ಸುಮ್ಮನಾದೀತು. ಆದರೆ ಡಬ್ಬ ಬರುತ್ತಿರಲಿಲ್ಲ. ಅವಳು ಎರಡೂ ಕೈಯಿಂದ ಎಳೆದಷ್ಟೂ, ರೋಬೋಟು ತನ್ನ ತಲೆಯನ್ನೇ ಕಿತ್ತುಕೊಳ್ಳುತ್ತಿದೆ ಎಂದುಕೊಂಡು ಮಗು ಇನ್ನೂ ಜೋರಾಗಿ ಅತ್ತಿತು.

ನೀಲಾಂಬಿಕ ಎಳೆಯುವುದನ್ನು ನಿಲ್ಲಿಸಿದಳು. ಸೀಟಿನಿಂದ ಇಳಿದು, ಜನರ ಕಾಲುಗಳ ನಡುವೆ ಮಂಡಿಯೂರಿ ಕೂತಳು. ಈಗ ಡಬ್ಬ ದೀಪಶ್ರೀಗಿಂತ ಕೆಳಗಿತ್ತು.

“ನನ್ನ ತಲೆ ಸಿಕ್ಕಿಕೊಂಡಿದೆ,” ಅಂದಳು. “ಬಿಡಿಸ್ತೀಯಾ?”

ಡಬ್ಬದೊಳಗಿಂದ ಬಂದ ದನಿ ಸಣ್ಣದಾಗಿತ್ತು. ದೀಪಶ್ರೀ ಅಳು ನಿಲ್ಲಿಸಿ ನೋಡಿದಳು. ಅಜ್ಜಿಯನ್ನು ನೋಡಿದಳು. ತುಂಬ ಹೊತ್ತಾದ ಮೇಲೆ ಸ್ವೆಟರಿನ ತೋಳಿನ ತುದಿಯಿಂದ ನಾಲ್ಕು ಬೆರಳು ಹೊರಬಂದವು. ಆಮೇಲೆ ಕೈ ಬಂತು. ಇನ್ನೊಂದು ಕೈಯೂ ಬಂತು. ಅವಳು ಡಬ್ಬವನ್ನು ಎರಡೂ ಕಡೆ ಹಿಡಿದು, ಹಲ್ಲು ಕಚ್ಚಿ ಎಳೆದಳು.

ಡಬ್ಬ ಅಲುಗಲಿಲ್ಲ. ದೀಪಶ್ರೀ ಸೋತು ಅದರ ಮೇಲೆ ಅಂಗೈ ಇಟ್ಟಳು.

“ನೋವಾ?” ಅಂದಳು.

“ಸ್ವಲ್ಪ,” ಅಂದಳು ನೀಲಾಂಬಿಕ. ಅದು ನಿಜವೇ ಆಗಿತ್ತು. ಕಿವಿ ಉರಿಯುತ್ತಿತ್ತು.

ಶಿರಾಳಕೊಪ್ಪದಲ್ಲಿ ಅಜ್ಜಿ ಮೊಮ್ಮಗಳು ಇಳಿದರು. ಇಳಿಯುವ ಮೊದಲು ದೀಪಶ್ರೀ ತನ್ನ ಕೈಯಲ್ಲಿದ್ದ ಅರ್ಧ ಚಕ್ಕುಲಿಯನ್ನು ಡಬ್ಬದ ಬಾಯಿಯೊಳಗೆ ತುರುಕಿದಳು. ಅದು ನೀಲಾಂಬಿಕಳ ಮೂಗಿಗೆ ಬಂದು ಬಡಿಯಿತು.

ಸೊರಬ ತಲುಪಿದಾಗ ತೀರ್ಥೇಶ್ ಬಹಳ ಖುಷಿಯಲ್ಲಿದ್ದ. ತಲೆ ಹೇಗೂ ಬರುವುದಿಲ್ಲ, ಸ್ಟೇಜಿನ ಮೇಲೆ ಉದುರುವ ಭಯವೂ ಇಲ್ಲ ಎಂದು ಹೇಳಿಕೊಂಡು ಓಡಾಡಿದ. ಟೀಚರ್ ಮಾತ್ರ ತಗಡು ಕತ್ತರಿಸುವವರು ಯಾರಾದರೂ ಸಿಗುತ್ತಾರಾ ಎಂದು ಊರೆಲ್ಲ ಸುತ್ತಿದರು. ಇದ್ದ ಒಬ್ಬ ಗ್ಯಾರೇಜಿನವನು ಊಟಕ್ಕೆ ಹೋಗಿದ್ದ.

ಎಲ್ಲರೂ ಊಟ ಮಾಡುವಾಗ ನೀಲಾಂಬಿಕ ಗೋಡೆಗೆ ಒರಗಿ ಕೂತಿದ್ದಳು. ಚಿತ್ರಾನ್ನವನ್ನು ಸೀಳಿನೊಳಗೆ ಹಾಕಿಕೊಳ್ಳಲು ಹೋದರೆ ಅರ್ಧ ಅಂಗಿಯ ಕೊರಳೊಳಗೆ ಇಳಿಯುತ್ತಿತ್ತು. ಆಗ ಲೋಕೇಶ ಬಂದ. ತುಕ್ಕಿನ ಬಣ್ಣ ಎಂದು ಮುಖಕ್ಕೆಲ್ಲ ಅರಿಶಿನ, ಕುಂಕುಮ ಬಳಿದುಕೊಂಡಿದ್ದ. ಎಲ್ಲಿಂದಲೋ ಒಂದು ಸ್ಟ್ರಾ ತಂದಿದ್ದ. ಅದನ್ನು ಸೀಳಿನೊಳಗೆ ಇಳಿಸಿ, ಅವಳು ಮಜ್ಜಿಗೆ ಕುಡಿದು ಮುಗಿಸುವವರೆಗೂ ಲೋಟ ಹಿಡಿದುಕೊಂಡು ಕೂತ. ಆಮೇಲೆ ಸೋರೆಕಾಯಿಗೆ ಬೆಳ್ಳಿ ಕಾಗದ ಸುತ್ತಲು ಎದ್ದುಹೋದ.

ನಾಟಕ ಶುರುವಾಯಿತು. ತುಕ್ಕಾಸುರ ಗರ್ಜಿಸಿದ. ಊರಿನ ಗೇಟು, ಸೈಕಲ್ಲು, ಕೊಡಪಾನ ಎಲ್ಲಕ್ಕೂ ತುಕ್ಕು ಹಿಡಿಸುತ್ತೇನೆ ಎಂದು ಅಬ್ಬರಿಸಿದ. ಕ್ಯಾಪ್ಟನ್ ಕಬ್ಬಿಣ ಬಂದಾಗ ಸಭೆಯ ಮಕ್ಕಳೆಲ್ಲ “ಕೈ, ಕೈ” ಎಂದು ಕೂಗಿದರು. ಅವರೂ ಸಿನಿಮಾ ನೋಡಿದ್ದರು.

ನೀಲಾಂಬಿಕ ಸೋರೆಕಾಯಿ ಹಿಡಿದಳು. ಡಬ್ಬದ ಎರಡು ತೂತಿನಿಂದ ನೇರ ಮುಂದೆ ಇದ್ದದ್ದು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಜನ ಕಾಣಲಿಲ್ಲ, ಲೈಟು ಕಾಣಲಿಲ್ಲ. ಲೋಕೇಶನ ಮುಖವೊಂದೇ ಕಂಡಿತು.

ಅವನು ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದ. ಅವಳಿನ್ನೂ ಕಾಲೇ ಎತ್ತಿರಲಿಲ್ಲ. ಭುಜ ಕಿವಿಯವರೆಗೂ ಬಂದಿತ್ತು. ತುಟಿ ಒಳಕ್ಕೆ ಹೋಗಿತ್ತು. ಇಷ್ಟು ದಿನ ಪ್ರಾಕ್ಟೀಸಿನಲ್ಲಿ ಈ ಹೊತ್ತಿಗೆ ಅವಳು ನೋಡುತ್ತಿದ್ದದ್ದು ಚಪ್ಪಾಳೆ ಹೊಡೆಯುವವರನ್ನು. ಅವನ ಮುಖ ಹೀಗಾಗುತ್ತಿತ್ತು ಎಂದು ಅವಳಿಗೆ ಗೊತ್ತೇ ಇರಲಿಲ್ಲ.

“ಕರುಣೆ,” ಅಂದಳು.

ಪರದೆಯ ಪಕ್ಕದಿಂದ ತೀರ್ಥೇಶ್ “ಡಿಲೀಟ್, ಡಿಲೀಟ್” ಎಂದು ಪಿಸುಗುಟ್ಟಿದ. ನೀಲಾಂಬಿಕ ಸೋರೆಕಾಯಿ ಬಿಟ್ಟಳು. ಸ್ಟೇಜಿನ ಮೇಲೆ ಮಂಡಿಯೂರಿದಳು.

“ಪೆಟ್ಟಾಯ್ತಾ?” ಎಂದು ಕೇಳಿದಳು.

ಲೋಕೇಶ ಕಣ್ಣು ಬಿಡಲಿಲ್ಲ. “ನೀನಿನ್ನೂ ಒದ್ದಿಲ್ಲ,” ಅಂದ ಮೆಲ್ಲಗೆ.

ಅದು ಮೈಕಿನಲ್ಲಿ ಕೇಳಿಸಿತು. ಸಭೆಯೆಲ್ಲ ಗೊಳ್ಳೆಂದು ನಕ್ಕಿತು.

“ಇವತ್ತಲ್ಲ. ಮೊನ್ನೆ, ಆಚೆ ಮೊನ್ನೆ.”

ಈಗ ಅವನು ಕಣ್ಣು ಬಿಟ್ಟ. ಡಬ್ಬದ ತೂತುಗಳನ್ನೇ ನೋಡಿದ. “ಮೊಣಕಾಲಿಗೆ,” ಅಂದ. ಅದು ತುಕ್ಕಾಸುರನ ದನಿಯಾಗಿರಲಿಲ್ಲ.

ಈ ಸಲ ಅಷ್ಟಾಗಿ ಯಾರೂ ನಗಲಿಲ್ಲ.

ತೀರ್ಥೇಶನಿಗೆ ತಲೆ ಕೆಟ್ಟಿತು. “ಸಾಯಿ, ಸಾಯಿ” ಎಂದು ಲೋಕೇಶನಿಗೆ ಸನ್ನೆ ಮಾಡಿದ. ಲೋಕೇಶ ಹೇಳಿದ ಮಾತು ಕೇಳುವ ಹುಡುಗ. ಧೊಪ್ಪೆಂದು ಬಿದ್ದು ಸತ್ತ. ಕ್ಯಾಪ್ಟನ್ ಕಬ್ಬಿಣ ಅವನನ್ನು ಎತ್ತಿ ನಿಲ್ಲಿಸಿದಳು. ಅವನು ಮತ್ತೆ ಸತ್ತ. ಅವಳು ಮತ್ತೆ ಎತ್ತಿದಳು. ಮೂರನೇ ಸಲ ಅವನಿಗೂ ಸಾಕಾಯಿತು. ನಿಂತೇ ಇದ್ದ. ಏನು ಮಾಡಬೇಕೋ ತೋಚದೆ ತೋಳಿನಿಂದ ಸೋರೆಕಾಯಿಯನ್ನು ತಾನೇ ಹೊರಗೆಳೆದು ಅವಳ ಕೈಗೆ ಕೊಟ್ಟ. ಅವಳು ಅದನ್ನು ಎಳೆಗೂಸಿನ ಹಾಗೆ ಎತ್ತಿಕೊಂಡು ನಿಂತಳು. ಪರದೆ ಬಿತ್ತು.

ಬಹುಮಾನ ಬರಲಿಲ್ಲ. ನಾಟಕ ತರಕಾರಿ ತಿನ್ನುವುದರ ಬಗ್ಗೆಯಾ ಎಂದು ಜಡ್ಜ್ ಒಬ್ಬರು ಟೀಚರನ್ನು ಕೇಳಿದರಂತೆ. ತೀರ್ಥೇಶ್ ನೀಲಾಂಬಿಕಳ ಹತ್ತಿರ ಟೂ ಬಿಟ್ಟ. ಕೆಂಪು ಕಣ್ಣಿನ ಕ್ಯಾಪ್ಟನ್‌ಗೆ ಓಟು ಹಾಕಿದ್ದು ಇಪ್ಪತ್ತೊಂಬತ್ತು ಜನ, ನೀನೊಬ್ಬಳೇ ಹೇಗೆ ಬದಲಾಯಿಸಿದೆ ಎಂದು ಉಳಿದವರೂ ಕೇಳಿದರು.

ಊಟ ಮುಗಿಸಿ ಬಂದ ಗ್ಯಾರೇಜಿನವನು ದೊಡ್ಡ ಕತ್ತರಿಯಿಂದ ಡಬ್ಬ ಸೀಳಿ ಬಿಚ್ಚಿದ. ಗಾಳಿ ತಣ್ಣಗೆ ಮುಖಕ್ಕೆ ಬಡಿಯಿತು. ಅವಳ ಕೂದಲಿನಲ್ಲಿ ಚಿತ್ರಾನ್ನದ ಕಡಲೆಬೇಳೆ ಸಿಕ್ಕಿಕೊಂಡಿತ್ತು.

ಸಂಜೆಯ ಬಸ್ಸಿನಲ್ಲಿ ಅವಳ ಪಕ್ಕ ಯಾರೂ ಕೂರಲಿಲ್ಲ. ಕೊನೆಗೆ ಲೋಕೇಶ ಬಂದು ಕಿಟಕಿಯ ಕಡೆ ಕೂತ. ಬಸ್ಸು ಹೊರಟ ಮೇಲೆ ನೀಲಾಂಬಿಕ ಕಾಲು ತೋರಿಸು ಅಂದಳು. ಅವನು ಪ್ಯಾಂಟು ಮಡಚಿದ. ಮೊಣಕಾಲಿನ ಕೆಳಗೆ ನೇರಳೆ ಹಣ್ಣಿನ ಬಣ್ಣಕ್ಕೆ ರಕ್ತ ಕಟ್ಟಿತ್ತು. ಅಂಚು ಹಳದಿಯಾಗಿತ್ತು.

“ಯಾಕೋ ಹೇಳಲಿಲ್ಲ?” ಎಂದು ಕೇಳಿದಳು.

“ತುಕ್ಕಾಸುರ ಅಲ್ವಾ ನಾನು,” ಅಂದ ಲೋಕೇಶ. ಆಮೇಲೆ ಪ್ಯಾಂಟು ಇಳಿಸಿಕೊಂಡು, ಕಿಟಕಿಗೆ ತಲೆ ಆನಿಸಿ ನಿದ್ದೆ ಹೋದ.

ರಸ್ತೆಯಲ್ಲಿ ಗುಂಡಿಗಳಿದ್ದವು. ಬಸ್ಸು ವಾಲಿದಾಗಲೆಲ್ಲ ಸೀಟಿನಲ್ಲಿದ್ದವರೆಲ್ಲ ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು. ನೀಲಾಂಬಿಕ ಒಂದು ಕೈಯಲ್ಲಿ ಮುಂದಿನ ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡು, ತನ್ನ ಎರಡೂ ಕಾಲುಗಳನ್ನು ಸೀಟುಗಳ ನಡುವಿನ ದಾರಿಯ ಕಡೆಗೆ ತಿರುಗಿಸಿ ಕೂತಳು. ಶಿಕಾರಿಪುರ ಬರುವವರೆಗೂ ಹಾಗೇ ಕೂತಿದ್ದಳು. ಅವಳ ಕಾಲು ಒಂದು ಸಲವೂ ಅವನ ಮೊಣಕಾಲಿಗೆ ತಾಗಲಿಲ್ಲ.